ಎರಡು ಚುನಾವಣೆಗಳ ನಡುವಿನ ಪ್ರಜೆ: ಲೋಕನಾಯಕ ಜಯಪ್ರಕಾಶರ ಬದುಕು

ಚುನಾವಣೆ ಮುಗಿದ ಮರುವಾರ ನಮ್ಮ ಊರುಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು. ಯಾರು ಗೆದ್ದರೇನು, ಯಾರು ಸೋತರೇನು, ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪದೆಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ಯುವಕರಲ್ಲಿ ಕೆಲವರು ಮತಗಟ್ಟೆಗೆ ಹೋಗುವುದೇ ವ್ಯರ್ಥವೆನ್ನುತ್ತಾರೆ; ಇನ್ನು ಕೆಲವರು ಬಲಪ್ರಯೋಗವಿಲ್ಲದೆ ಈ ದೇಶದಲ್ಲಿ ಏನೂ ಬದಲಾಗದೆಂದು ವಾದಿಸುತ್ತಾರೆ. ಈ ಎರಡು ನಿರಾಶೆಗಳ ನಡುವೆ ಮೂರನೆಯ ದಾರಿಯೊಂದನ್ನು ಜೀವಮಾನವಿಡೀ ಹುಡುಕಿದ ವ್ಯಕ್ತಿಯೊಬ್ಬರ ಬದುಕನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ. ಅವರು ನಮ್ಮ ಸಮುದಾಯದವರಲ್ಲ, ನಮ್ಮ ನಾಡಿನವರೂ ಅಲ್ಲ. ಆದರೂ ಅವರ ಹುಡುಕಾಟದ ಫಲವೊಂದು ನಮ್ಮ ನಾಡಿನ ಹಳ್ಳಿಗಳಲ್ಲಿಯೇ ಮೊಳೆಯಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಜಯಪ್ರಕಾಶ ನಾರಾಯಣರು ಹುಟ್ಟಿದ್ದು 1902ರ ಅಕ್ಟೋಬರ್ 11ರಂದು, ಗಂಗೆಯೂ ಘಾಘರಾ ನದಿಯೂ ಕೂಡುವೆಡೆಯಲ್ಲಿರುವ ಸಿತಾಬ್‌ದಿಯಾರಾ ಎಂಬ ಹಳ್ಳಿಯಲ್ಲಿ. ತಂದೆ ಹರ್ಸೂ ದಯಾಳರು ಸರಕಾರದ ಕಾಲುವೆ ಇಲಾಖೆಯ ನೌಕರರು. 1920ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಜಯಪ್ರಕಾಶರಿಗೆ ಪ್ರಭಾವತಿಯವರೊಡನೆ ವಿವಾಹವಾಯಿತು. ಮಾವ ಬ್ರಜಕಿಶೋರ ಪ್ರಸಾದರು ಚಂಪಾರಣ್ಯದ ನೀಲಿ ಬೆಳೆಗಾರರ ಹೋರಾಟದಲ್ಲಿ ಗಾಂಧೀಜಿಯವರ ಒತ್ತಾಸೆಯಾಗಿ ನಿಂತವರು. ಮರುವರ್ಷವೇ ಮೌಲಾನಾ ಆಜಾದರ ಭಾಷಣವೊಂದನ್ನು ಕೇಳಿದ ಈ ತರುಣ, ಪರೀಕ್ಷೆ ಹತ್ತಿರವಿರುವಾಗಲೇ ಪಾಟ್ನಾ ಕಾಲೇಜನ್ನು ತ್ಯಜಿಸಿ ಹೊರಬಂದರು. ಅಸಹಕಾರ ಚಳವಳಿಯ ಅಲೆ ಇಳಿದಾಗ ಓದಬೇಕೆಂಬ ಹಂಬಲ ಉಳಿದಿತ್ತು. ಬ್ರಿಟಿಷ್ ಸರಕಾರದ ನೆರವಿನ ಕಾಲೇಜಿಗೆ ಮರಳಲು ಮನಸ್ಸೊಪ್ಪದೆ 1922ರಲ್ಲಿ ಅಮೆರಿಕೆಗೆ ಹಡಗೇರಿದರು. ಪ್ರಭಾವತಿಯವರು ಸಾಬರಮತಿ ಆಶ್ರಮದಲ್ಲಿ ಗಾಂಧೀಜಿ ಮತ್ತು ಕಸ್ತೂರ್‌ಬಾ ಅವರ ಮಗಳಂತೆ ಉಳಿದರು. ಅಲ್ಲಿಯೇ ಬ್ರಹ್ಮಚರ್ಯದ ವ್ರತವನ್ನೂ ಕೈಗೊಂಡರು. ಮರಳಿ ಬಂದ ಪತಿ ಅದನ್ನು ಗೌರವಿಸಿದರು. ವ್ರತಬದ್ಧ ಜೀವನದ ಬೆಲೆಯನ್ನು ಬಲ್ಲ ನಮ್ಮಂಥವರಿಗೆ ಈ ದಂಪತಿಗಳ ಬದುಕಿನ ಈ ಮುಖ ವಿಶೇಷವಾಗಿ ಗಮನಾರ್ಹವೆನಿಸುತ್ತದೆ.

ಅಮೆರಿಕೆಯಲ್ಲಿ ಏಳು ವರ್ಷ. ಕ್ಯಾಲಿಫೋರ್ನಿಯದ ತೋಟಗಳಲ್ಲಿ ಹಣ್ಣು ಕೀಳುವುದು, ಹೋಟೆಲುಗಳಲ್ಲಿ ತಟ್ಟೆ ತೊಳೆಯುವುದು, ಕಾರ್ಖಾನೆಗಳಲ್ಲಿ ಕೂಲಿ ಮಾಡುವುದು, ಸಿಕ್ಕಿದ ಹಣದಿಂದ ಓದುವುದು. ಬರ್ಕ್ಲಿ, ಅಯೋವಾ, ವಿಸ್ಕಾನ್ಸಿನ್, ಒಹಾಯೊ ಎಂದು ವಿಶ್ವವಿದ್ಯಾನಿಲಯಗಳನ್ನು ಬದಲಿಸುತ್ತಾ ಕೊನೆಗೆ ಸಮಾಜಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದರು. ವಿಸ್ಕಾನ್ಸಿನ್‌ನಲ್ಲಿ ಮಾರ್ಕ್ಸ್‌ನ ಗ್ರಂಥಗಳ ಪರಿಚಯವಾಗಿ, ಗಾಂಧೀವಾದಿಯಾಗಿ ಹೋದವರು ಮಾರ್ಕ್ಸ್‌ವಾದಿಯಾಗಿ 1929ರಲ್ಲಿ ಸ್ವದೇಶಕ್ಕೆ ಬಂದರು. ನೆಹರೂ ಅವರ ಆಹ್ವಾನದ ಮೇರೆಗೆ ಕಾಂಗ್ರೆಸ್ಸಿನ ಕಾರ್ಮಿಕ ವಿಭಾಗ ಸೇರಿದರು. 1932ರಲ್ಲಿ ಬಂಧಿತರಾಗಿ ನಾಸಿಕದ ಸೆರೆಮನೆಯಲ್ಲಿ ಅಚ್ಯುತ ಪಟವರ್ಧನ, ಮೀನೂ ಮಸಾನಿ, ಅಶೋಕ ಮೆಹತಾ ಮೊದಲಾದವರ ಒಡನಾಟ ಪಡೆದರು. ಆ ಒಡನಾಟದ ಫಲವೇ 1934ರ ಕಾಂಗ್ರೆಸ್ ಸಮಾಜವಾದಿ ಪಕ್ಷ. ಅಶೋಕ ಮೆಹತಾ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1942ರ ಸಾಹಸ ಎಲ್ಲರೂ ಬಲ್ಲದ್ದು. ದೀಪಾವಳಿಯ ರಾತ್ರಿ ಹಜಾರಿಬಾಗ್ ಸೆರೆಮನೆಯ ಗೋಡೆಯನ್ನು ಧೋತರಗಳ ನೆರವಿನಿಂದ ಹತ್ತಿ ಐವರು ಸಂಗಾತಿಗಳೊಡನೆ ಪಾರಾದದ್ದು, ನೇಪಾಳದ ಗಡಿಯಲ್ಲಿ ಗೆರಿಲ್ಲಾ ದಳ ಕಟ್ಟಿದ್ದು, 1943ರಲ್ಲಿ ರೈಲಿನಲ್ಲಿ ಸಿಕ್ಕಿಬಿದ್ದು ಲಾಹೋರಿನ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿದ್ದು, 1946ರಲ್ಲಿ ಬಿಡುಗಡೆಯಾದಾಗ ದೇಶದ ಯುವಜನರ ಕಣ್ಮಣಿಯಾದದ್ದು, ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ. ಇಲ್ಲಿ ಒಂದು ಅಂಶವನ್ನು ಮಾತ್ರ ಹೇಳಬೇಕು. ಆ ಕಾಲದ ಜಯಪ್ರಕಾಶರು ಅಹಿಂಸೆಯನ್ನು ತತ್ತ್ವವೆಂದು ಒಪ್ಪಿರಲಿಲ್ಲ. ಶಾಂತಿಯ ದಾರಿಗೆ ಅವರು ಬಂದದ್ದು ಹಿಂಸೆಯನ್ನು ಅರಿಯದ ಮುಗ್ಧರಾಗಿ ಅಲ್ಲ. ಅದರ ಸಿದ್ಧತೆಯಲ್ಲಿ ಕೈಯಿಟ್ಟು ನೋಡಿದ ಮೇಲೆ.

ಸ್ವಾತಂತ್ರ್ಯಾನಂತರ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದು 1951-52ರ ಮೊದಲ ಮಹಾಚುನಾವಣೆಯನ್ನು ಬಹಳ ಆಶೆಯಿಂದ ಎದುರಿಸಿದರು. ಫಲಿತಾಂಶ ವಿಚಿತ್ರವಾಗಿತ್ತು. ಸಮಾಜವಾದಿ ಪಕ್ಷಕ್ಕೆ ದೇಶದ ಮತಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ದೊರೆತರೂ ಲೋಕಸಭೆಯಲ್ಲಿ ಸಿಕ್ಕ ಸ್ಥಾನಗಳು 12 ಮಾತ್ರ. ಕಮ್ಯೂನಿಸ್ಟರು ಶೇಕಡಾ 3ರಷ್ಟು ಮತ ಪಡೆದು 16 ಸ್ಥಾನ ಗಳಿಸಿದರು. ಶೇಕಡಾ 45ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 489ರಲ್ಲಿ 364 ಸ್ಥಾನಗಳು ಒಲಿದವು. ಮತದಾರ ಹೇಳಿದ್ದು ಒಂದು, ಸಭೆಯಲ್ಲಿ ಕಾಣಿಸಿದ್ದು ಇನ್ನೊಂದು ಎಂಬ ಭಾವನೆ ಜಯಪ್ರಕಾಶರಲ್ಲಿ ಮೊಳೆಯಿತು. ಸೋತವರು ಎಣಿಕೆಯ ಕ್ರಮವನ್ನು ದೂರುವುದು ಲೋಕರೂಢಿ. ಅವರು ಮಾತ್ರ ದೂರಿನಲ್ಲಿಯೇ ನಿಲ್ಲಲಿಲ್ಲ.

ಅದೇ 1952ರಲ್ಲಿ ಅವರು ಪುಣೆಯಲ್ಲಿ 21 ದಿನಗಳ ಉಪವಾಸ ಕೈಗೊಂಡರು. ಆ ದಿನಗಳಲ್ಲಿ ಅವರನ್ನು ಕಾಡಿದ ಪ್ರಶ್ನೆ ರಾಜಕೀಯದ್ದಲ್ಲ, ತತ್ತ್ವಶಾಸ್ತ್ರದ್ದು. ಆದ್ದರಿಂದ ನಾವು ಇಲ್ಲಿ ತುಸು ನಿಲ್ಲುತ್ತೇವೆ. ಮನುಷ್ಯನೆಂದರೆ ಜಡವಸ್ತುವಿನ ವಿಕಾಸ ಮಾತ್ರವೆಂದು, ಸಾವಿನ ಆಚೆ ಏನೂ ಇಲ್ಲವೆಂದು ಒಪ್ಪಿದರೆ, ಯಾರೂ ನೋಡದಿರುವಾಗಲೂ ಒಬ್ಬನು ಒಳ್ಳೆಯವನಾಗಿ ಏಕಿರಬೇಕು? ಸಮಾಜದ ಹಿತಕ್ಕಾಗಿ ಎಂದು ಭೌತವಾದಿ ಉತ್ತರಿಸಬಹುದು. ಆದರೆ ಸಮಾಜದ ಹಿತಕ್ಕಾಗಿ ನಾನೇಕೆ ನಷ್ಟ ಅನುಭವಿಸಬೇಕೆಂಬ ಮರುಪ್ರಶ್ನೆಗೆ ಭೌತವಾದದಲ್ಲಿ ಉತ್ತರವಿಲ್ಲವೆಂದು ಜಯಪ್ರಕಾಶರು ಕಂಡುಕೊಂಡರು. ಇಪ್ಪತ್ತೈದು ವರ್ಷ ನಂಬಿದ ಸಿದ್ಧಾಂತದ ತಳಪಾಯದಲ್ಲಿಯೇ ಬಿರುಕು. ಅವರು ಯಾವುದೊಂದು ಮತಧರ್ಮದ ಆಶ್ರಯಕ್ಕೆ ಹೋಗಲಿಲ್ಲ; ಸದಾಚಾರಕ್ಕೆ ಜಡವನ್ನು ಮೀರಿದ ಆಧಾರವೊಂದು ಬೇಕೆಂದಷ್ಟೇ ಬಹಿರಂಗವಾಗಿ ಬರೆದರು. ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಾವು ಪುಸ್ತಕದಿಂದ ಕಲಿತ ಪ್ರಶ್ನೆಯನ್ನು ಈ ಮನುಷ್ಯ ಹಸಿದ ಹೊಟ್ಟೆಯಲ್ಲಿ, ಸ್ವಂತ ಪಕ್ಷದ ಸೋಲಿನ ನಡುವೆ ಕೇಳಿಕೊಂಡರೆಂಬುದನ್ನು ನೆನೆದಾಗ ಗೌರವ ಹೆಚ್ಚುತ್ತದೆ. ಮುಂದೆ ಅವರು ಅಧಿಕಾರದಿಂದ ದೂರ ನಿಂತದ್ದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಒಳ್ಳೆಯತನ ಕಾನೂನಿನಿಂದ ಹುಟ್ಟದೆಂದ ಮೇಲೆ ಸರಕಾರ ಹಿಡಿದು ಮಾಡುವುದಾದರೂ ಏನು?

1953ರಲ್ಲಿ ನೆಹರೂ ಅವರು ಸಹಕಾರಕ್ಕಾಗಿ ಕರೆದಾಗ ಜಯಪ್ರಕಾಶರು 14 ಅಂಶಗಳ ಕಾರ್ಯಕ್ರಮವೊಂದನ್ನು ಮುಂದಿಟ್ಟರು. ಅದನ್ನು ಒಪ್ಪಿ ವಚನ ನೀಡಲು ನೆಹರೂ ಸಿದ್ಧರಿರಲಿಲ್ಲವಾಗಿ ಮಾತುಕತೆ ಮುರಿಯಿತು. ಮರುವರ್ಷ ಬೋಧಗಯೆಯ ಸರ್ವೋದಯ ಸಮ್ಮೇಳನದಲ್ಲಿ ವಿನೋಬಾ ಭಾವೆಯವರ ಭೂದಾನಕ್ಕೆ ತಮ್ಮ ಜೀವನವನ್ನೇ ದಾನ ಮಾಡುವುದಾಗಿ ಅವರು ಘೋಷಿಸಿದರು. ನೆಹರೂ ನಂತರ ಪ್ರಧಾನಿಯಾಗಬಲ್ಲವರೆಂದು ಅನೇಕರು ಭಾವಿಸಿದ್ದ ಮನುಷ್ಯ ಬಿಹಾರದ ಸೊಖೋದೇವರಾ ಎಂಬ ಕುಗ್ರಾಮದಲ್ಲಿ ಆಶ್ರಮ ಕಟ್ಟಿಕೊಂಡು ಕುಳಿತರು. 1957ರಲ್ಲಿ ಪಕ್ಷದ ಸದಸ್ಯತ್ವವನ್ನೂ ಬಿಟ್ಟರು.

ಹಳ್ಳಿಗಳನ್ನು ಸುತ್ತುತ್ತಾ ಅವರು ಕಂಡ ಸತ್ಯ ಸರಳವಾದದ್ದು. ಐದು ವರ್ಷಕ್ಕೊಮ್ಮೆ ಮತ ಹಾಕುವ ಪ್ರಜೆಗೆ ಆ ಒಂದು ದಿನದ ಹೊರತು ಬೇರೆ ಕೆಲಸವಿಲ್ಲ. ಅಭ್ಯರ್ಥಿಯನ್ನು ಆರಿಸುವುದು ಪಕ್ಷದ ಕಚೇರಿ. ಗೆದ್ದವನನ್ನು ಕೇಳುವುದೂ ಪಕ್ಷದ ಕಚೇರಿಯೇ. 1959ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅವರು ಇದನ್ನು ಬುಡಮೇಲು ಮಾಡುವ ವ್ಯವಸ್ಥೆಯನ್ನು ಸೂಚಿಸಿದರು. ಗ್ರಾಮಸಭೆಯೇ ಅಡಿಪಾಯ. ಗ್ರಾಮಸಭೆಗಳು ಕಳಿಸಿದ ಪ್ರತಿನಿಧಿಗಳು ಸೇರಿದ ಮತದಾರರ ಮಂಡಳಿಯೇ ಅಭ್ಯರ್ಥಿಗಳನ್ನು ಆರಿಸಬೇಕು. ಗ್ರಾಮದಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ಅಲ್ಲಿಂದ ರಾಜ್ಯ, ಹೀಗೆ ಅಧಿಕಾರ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕೆಳಗೆ ಆಗಬಲ್ಲದ್ದನ್ನು ಮೇಲಿನವರು ಕಸಿದುಕೊಳ್ಳಬಾರದು. ಪೋಪ್ ಹನ್ನೊಂದನೆಯ ಪಿಯುಸ್‌ರವರು 1931ರ ತಮ್ಮ ವಿಶ್ವಪತ್ರದಲ್ಲಿ ಕಿರಿಯ ಸಮುದಾಯಗಳು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ಹಿರಿಯ ಸಂಸ್ಥೆ ಕಿತ್ತುಕೊಳ್ಳುವುದು ಅನ್ಯಾಯವೆಂದು ಬೋಧಿಸಿದ್ದನ್ನು ಬಲ್ಲವರಿಗೆ ಈ ವಿಚಾರ ಅಪರಿಚಿತವೆನಿಸದು.

ಆದರೆ ಈ ಚಿತ್ರದಲ್ಲಿ ನಮಗೆ ಒಂದು ಕೊರತೆ ಕಾಣುತ್ತದೆ. ಹಳ್ಳಿ ಒಂದು ಮನಸ್ಸಿನ ಕುಟುಂಬವೆಂದು ಜಯಪ್ರಕಾಶರು ನಂಬಿದ್ದರು. ಡಾ. ಅಂಬೇಡ್ಕರರು 1948ರಲ್ಲಿಯೇ ಸಂವಿಧಾನ ಸಭೆಯಲ್ಲಿ ಈ ನಂಬಿಕೆಯನ್ನು ಕಟುವಾಗಿ ಖಂಡಿಸಿದ್ದರು. ಜಾತಿಯ ಮೇಲುಕೀಳು ಬಿಗಿಯಾಗಿರುವಲ್ಲಿ ಸರ್ವಾನುಮತವೆಂದರೆ ಎಷ್ಟೋ ಸಲ ಕೇರಿಯವರ ಮೌನವಷ್ಟೇ. ಗುಟ್ಟಿನ ಮತಪತ್ರ ಬಡವನಿಗೆ ಕೊಟ್ಟ ರಕ್ಷಣೆಯನ್ನು ಬಯಲಿನಲ್ಲಿ ಕೈಯೆತ್ತಿಸುವ ಸಭೆ ಕೊಡಲಾರದು.

ಕಾಗದದ ಮೇಲೆ ಬರೆದು ಕೂರುವ ಸ್ವಭಾವ ಅವರದಾಗಿರಲಿಲ್ಲ. 1964ರಲ್ಲಿ ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಸಭೆಗಳ ಮುಂದಾಳುತನದಿಂದ ರೂಪುಗೊಂಡ ಶಾಂತಿ ನಿಯೋಗದಲ್ಲಿ ಅಸ್ಸಾಮಿನ ಮುಖ್ಯಮಂತ್ರಿ ಚಲಿಹಾ ಮತ್ತು ಆಂಗ್ಲಿಕನ್ ಪಾದ್ರಿ ಮೈಕೆಲ್ ಸ್ಕಾಟ್‌ರವರ ಜೊತೆ ದುಡಿದು, ಆ ವರ್ಷದ ಸೆಪ್ಟೆಂಬರಿನಲ್ಲಿ ಕದನವಿರಾಮ ಜಾರಿಯಾಗಲು ಕಾರಣರಾದರು. 1966-67ರ ಬಿಹಾರದ ಕ್ಷಾಮದಲ್ಲಿ ಪರಿಹಾರ ಸಮಿತಿಯ ಹೊಣೆ ಹೊತ್ತರು. 1970ರಲ್ಲಿ ಮುಜಫರಪುರ ಜಿಲ್ಲೆಯಲ್ಲಿ ಸರ್ವೋದಯ ಕಾರ್ಯಕರ್ತರಿಗೆ ನಕ್ಸಲೀಯರಿಂದ ಕೊಲೆ ಬೆದರಿಕೆ ಬಂದಾಗ, ಅದೇ ಪ್ರದೇಶದ ಮುಸಹರಿಗೆ ಹೋಗಿ ಬೀಡುಬಿಟ್ಟರು. ಅಲ್ಲಿ ಮನೆಮನೆ ತಿರುಗಿದ ಮೇಲೆ ಅವರು ಬರೆದದ್ದು ನಕ್ಸಲೀಯರ ಖಂಡನೆಯನ್ನಲ್ಲ. ಭೂಸುಧಾರಣೆಯ ಕಾಯಿದೆಗಳು ಕಡತದಲ್ಲಿಯೇ ಸತ್ತಿರುವುದೂ, ಕನಿಷ್ಠ ಕೂಲಿ ಯಾರಿಗೂ ಸಿಗದಿರುವುದೂ ಬಂದೂಕಿಗೆ ದಾರಿ ಮಾಡಿವೆಯೆಂದು. ಭೂದಾನದಲ್ಲಿ ಬಂದ ಭೂಮಿಯ ಬಹುಪಾಲು ಹಂಚಿಕೆಯಾಗಿಲ್ಲವೆಂಬ ಅರಿವೂ ಅವರನ್ನು ಚುಚ್ಚುತ್ತಿತ್ತು. 1972ರಲ್ಲಿ ಚಂಬಲ್ ಕಣಿವೆಯ ಮಾಧೋ ಸಿಂಗ್, ಮೊಹರ್ ಸಿಂಗ್ ಮೊದಲಾದ ದರೋಡೆಕೋರರು ಅವರೆದುರು ಶಸ್ತ್ರ ಕೆಳಗಿಟ್ಟರು. ಸರಕಾರವನ್ನು ನಂಬದವರು ಸರಕಾರದಲ್ಲಿಲ್ಲದ ಒಬ್ಬ ಮುದುಕನನ್ನು ನಂಬಿದ್ದರು.

1973ರ ಏಪ್ರಿಲಿನಲ್ಲಿ ಪ್ರಭಾವತಿಯವರು ಕ್ಯಾನ್ಸರಿನಿಂದ ತೀರಿಕೊಂಡರು. ಎಪ್ಪತ್ತು ದಾಟಿದ, ಮಕ್ಕಳಿಲ್ಲದ, ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ಜಯಪ್ರಕಾಶರಿಗೆ ಬದುಕು ಮುಗಿದಂತೆಯೇ ತೋರಿತು. ಆದರೆ ಆ ವರ್ಷದ ಕೊನೆಗೆ ಅಹಮದಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿನಿಲಯದಲ್ಲಿ ಊಟದ ದರ ಏರಿದ್ದಕ್ಕೆ ಎದ್ದ ಗಲಾಟೆ, ಬೆಲೆಯೇರಿಕೆ ಮತ್ತು ಭ್ರಷ್ಟಾಚಾರಗಳ ವಿರುದ್ಧ ಇಡೀ ಗುಜರಾತಿನ ನವನಿರ್ಮಾಣ ಆಂದೋಲನವಾಗಿ ಬೆಳೆದು, 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರ ರಾಜೀನಾಮೆಯಲ್ಲಿ ಮುಗಿಯಿತು. ಮಾರ್ಚ್ 18ರಂದು ಪಾಟ್ನಾದಲ್ಲಿ ವಿದ್ಯಾರ್ಥಿಗಳು ವಿಧಾನಸಭೆಗೆ ಮುತ್ತಿಗೆ ಹಾಕಿದಾಗ ಬೆಂಕಿ, ಲೂಟಿ, ಗೋಲಿಬಾರುಗಳಾದವು. ದಿಕ್ಕುಗಾಣದ ವಿದ್ಯಾರ್ಥಿಗಳು ಜಯಪ್ರಕಾಶರ ಮನೆಗೆ ಬಂದರು. ಹಿಂಸೆ ಕೂಡದೆಂಬ ಷರತ್ತಿನ ಮೇಲೆ ಅವರು ನಾಯಕತ್ವ ಒಪ್ಪಿದರು.

ಆ ಷರತ್ತು ಬಾಯಿಮಾತಿನದಾಗಿರಲಿಲ್ಲ. ಏಪ್ರಿಲ್ 8ರಂದು ಪಾಟ್ನಾದಲ್ಲಿ ನಡೆದ ಮೆರವಣಿಗೆಯಲ್ಲಿ ಸಾಗಿದವರು ಬಾಯಿಗೆ ಬಟ್ಟೆ ಕಟ್ಟಿ, ಕೈಗಳನ್ನು ಬೆನ್ನ ಹಿಂದೆ ಹಿಡಿದು, ಒಂದು ಘೋಷಣೆಯನ್ನೂ ಕೂಗದೆ ನಡೆದರು. ನಡುವೆ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು, ಜೂನ್ 5ರಂದು ವಿಧಾನಸಭೆಯ ವಿಸರ್ಜನೆ ಕೋರಿ ಸಂಗ್ರಹಿಸಿದ ಸಹಿಗಳನ್ನು ಲಾರಿಗಳಲ್ಲಿ ತುಂಬಿಸಿ ರಾಜ್ಯಪಾಲರಿಗೆ ಒಪ್ಪಿಸಿದರು. ಮೆರವಣಿಗೆಯ ಮೇಲೆ ಕಟ್ಟಡವೊಂದರಿಂದ ಗುಂಡು ಹಾರಿ ಹಲವರು ಗಾಯಗೊಂಡರೂ ಜನರು ಒಂದು ಕಲ್ಲನ್ನೂ ತೂರದೆ ಗಾಂಧಿ ಮೈದಾನವನ್ನು ಸೇರಿದರು. ಅಲ್ಲಿಯೇ ಅವರು ಸಂಪೂರ್ಣ ಕ್ರಾಂತಿಯ ಕರೆ ಕೊಟ್ಟದ್ದು. ಮಂತ್ರಿಮಂಡಲ ಬದಲಾದರೆ ಸಾಲದು; ಶಿಕ್ಷಣ, ಜಾತಿ, ವರದಕ್ಷಿಣೆ, ಭೂಮಿ, ಚುನಾವಣೆಯ ಖರ್ಚು, ಆರಿಸಿ ಕಳಿಸಿದವನನ್ನು ಹಿಂದಕ್ಕೆ ಕರೆಸುವ ಹಕ್ಕು, ಇವೆಲ್ಲವೂ ಬದಲಾಗಬೇಕೆಂಬುದು ಅದರ ತಿರುಳು. ಜಾತಿಸೂಚಕ ಜನಿವಾರವನ್ನು ಕಿತ್ತೆಸೆದ ಯುವಕರೂ, ವರದಕ್ಷಿಣೆ ತೆಗೆದುಕೊಳ್ಳೆವೆಂದು ಪ್ರತಿಜ್ಞೆ ಮಾಡಿದವರೂ ಆ ದಿನಗಳಲ್ಲಿದ್ದರು.

ಚುನಾಯಿತ ಸಭೆಯೊಂದನ್ನು ಬೀದಿಯ ಒತ್ತಡದಿಂದ ವಿಸರ್ಜಿಸುವುದು ನ್ಯಾಯವೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಅದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಇಂದು ಒಳ್ಳೆಯವರ ಗುಂಪು ಮಾಡಿದ್ದನ್ನು ನಾಳೆ ಕೆಟ್ಟವರ ಗುಂಪು ಮಾಡಬಹುದು. ಶಾಸಕನನ್ನು ಹಿಂದಕ್ಕೆ ಕರೆಸಲು ಸಂವಿಧಾನದಲ್ಲಿ ದಾರಿಯಿಲ್ಲದಿರುವಾಗ ಐದು ವರ್ಷ ಸಹಿಸಿಕೊಂಡಿರುವುದೊಂದೇ ಪ್ರಜೆಯ ಧರ್ಮವೇ ಎಂಬುದು ಜಯಪ್ರಕಾಶರ ಮರುಪ್ರಶ್ನೆ. ಎರಡೂ ಪ್ರಶ್ನೆಗಳಿಗೆ ತೂಕವಿದೆ. ಅದಕ್ಕಿಂತ ನಮಗೆ ಹೆಚ್ಚು ಕಳವಳ ತರುವುದು ಇನ್ನೊಂದು ಸಂಗತಿ. ಪಕ್ಷಗಳೇ ಬೇಡವೆಂದು ಇಪ್ಪತ್ತು ವರ್ಷ ಹೇಳಿದವರು, ವಿರೋಧ ಪಕ್ಷಗಳು ಒಂದೊಂದಾಗಿ ತಮ್ಮ ವೇದಿಕೆಗೆ ಬಂದಾಗ ಅವುಗಳ ಉದ್ದೇಶವನ್ನು ಸಾಕಷ್ಟು ಶೋಧಿಸಲಿಲ್ಲ. ತಮ್ಮ ಸಂಗದಲ್ಲಿ ಅವು ಬದಲಾಗುವವೆಂದು ನಂಬಿದರು. ಬೆಂಕಿಯ ಸಂಗಕ್ಕೆ ಬಂದ ಕಬ್ಬಿಣ ಬಿಸಿಯಾಗುವುದುಂಟು. ಬೆಂಕಿ ಆರಿದ ಮೇಲೆ ಅದು ಮೊದಲಿನ ಕಬ್ಬಿಣವೇ.

1974ರ ನವೆಂಬರ್ 1ರಂದು ಪ್ರಧಾನಿ ಇಂದಿರಾ ಗಾಂಧಿಯವರೊಡನೆ ದೆಹಲಿಯಲ್ಲಿ ನಡೆದ ಮಾತುಕತೆ ಫಲಿಸಲಿಲ್ಲ. ಹೊರಡುವ ಮುನ್ನ ಜಯಪ್ರಕಾಶರು ಅವರ ಕೈಗೆ ಹಳೆಯ ಪತ್ರಗಳ ಕಟ್ಟೊಂದನ್ನು ಕೊಟ್ಟರು. ಅವು ಇಂದಿರಾರವರ ತಾಯಿ ಕಮಲಾ ನೆಹರೂ ತಮ್ಮ ಗೆಳತಿ ಪ್ರಭಾವತಿಗೆ ಬರೆದವುಗಳು. ಮೂರು ದಿನಗಳ ಮೇಲೆ ಪಾಟ್ನಾದ ಬೀದಿಯಲ್ಲಿ ಪೊಲೀಸರ ಲಾಠಿ ಜಯಪ್ರಕಾಶರ ಮೇಲೆಯೇ ಎರಗಿತು. ಅಡ್ಡ ನಿಂತ ನಾನಾಜಿ ದೇಶಮುಖರ ಕೈ ಮುರಿಯಿತು.

ಮುಂದಿನದು ಇತಿಹಾಸ. 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಇಂದಿರಾರವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಜೂನ್ 25ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶರು ಪೊಲೀಸರೂ ಸೈನಿಕರೂ ಕಾನೂನುಬಾಹಿರ ಆಜ್ಞೆಗಳನ್ನು ಪಾಲಿಸಬೇಕಿಲ್ಲವೆಂದು ಹೇಳಿದ್ದನ್ನೇ ಸರಕಾರ ಒಂದು ಕಾರಣವಾಗಿ ತೋರಿಸಿ ಅಂದು ರಾತ್ರಿ ತುರ್ತುಪರಿಸ್ಥಿತಿ ಸಾರಿತು. ಬೆಳಗಾಗುವ ಮೊದಲೇ ಅವರನ್ನು ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿ ಬಂಧಿಸಲಾಯಿತು. ಸಂಸದೀಯ ಸಮಿತಿಯ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಅಲ್ಲಿಯೇ ಹಿಡಿದು ಬೆಂಗಳೂರಿನ ಸೆರೆಮನೆಗೆ ಕಳಿಸಲಾಯಿತು. ಚಂಡೀಗಢದ ಆಸ್ಪತ್ರೆಯೊಂದರ ಕೋಣೆಯಲ್ಲಿ ಏಕಾಂತ ಬಂಧನದಲ್ಲಿದ್ದ ಜಯಪ್ರಕಾಶರು ದಿನಚರಿ ಬರೆದರು. ಪ್ರಜಾಪ್ರಭುತ್ವವನ್ನು ವಿಸ್ತರಿಸಹೊರಟ ತಮ್ಮಿಂದ ಇದ್ದ ಪ್ರಜಾಪ್ರಭುತ್ವವೂ ಹೋಯಿತೇ ಎಂಬ ಸಂಕಟ ಅದರ ಪುಟಪುಟಗಳಲ್ಲಿದೆ. ಅಲ್ಲಿಯೇ ಅವರ ಮೂತ್ರಪಿಂಡಗಳು ಕೈಕೊಟ್ಟವು. ನವೆಂಬರಿನಲ್ಲಿ ಬಿಡುಗಡೆಯಾದಾಗ ಮುಂಬಯಿಯ ಜಸ್‌ಲೋಕ್ ಆಸ್ಪತ್ರೆಯ ಡಯಾಲಿಸಿಸ್ ಯಂತ್ರವೇ ಅವರ ಆಧಾರವಾಗಿತ್ತು. ಯಂತ್ರವೊಂದನ್ನು ಕೊಳ್ಳಲು ಜನರು ಚಿಕ್ಕಚಿಕ್ಕ ಕಾಣಿಕೆ ಕೂಡಿಸಿದರು. ಪ್ರಧಾನಿಯವರ ನಿಧಿಯಿಂದ ಬಂದ ಹಣವನ್ನು ಜಯಪ್ರಕಾಶರು ಮರಳಿಸಿದರು. ನಾಗರಿಕ ಹಕ್ಕುಗಳಿಗಾಗಿ 1976ರಲ್ಲಿ ಅವರು ಹುಟ್ಟುಹಾಕಿದ ಸಂಘಟನೆಯೇ ಮುಂದೆ ಪಿ.ಯು.ಸಿ.ಎಲ್. ಎಂದು ಹೆಸರಾಯಿತು.

1977ರ ಜನವರಿಯಲ್ಲಿ ಇಂದಿರಾರವರು ತಾವಾಗಿಯೇ ಚುನಾವಣೆ ಘೋಷಿಸಿದರು; ಸೋತಾಗ ಅಧಿಕಾರ ಬಿಟ್ಟಿಳಿದರು. ಈ ಮಾತನ್ನು ಹೇಳದಿದ್ದರೆ ನ್ಯಾಯವಾಗದು. ಉತ್ತರಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ನಮ್ಮ ಕರ್ನಾಟಕ ಮಾತ್ರ 28ರಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಉತ್ತರದವರಿಗಿದ್ದ ಸ್ವಾತಂತ್ರ್ಯಪ್ರೇಮ ನಮಗಿರಲಿಲ್ಲವೆಂದು ಇದರ ಅರ್ಥವಲ್ಲ. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಭೀತಿ ಅಲ್ಲಿನಷ್ಟು ಇಲ್ಲಿರಲಿಲ್ಲ. ದೇವರಾಜ ಅರಸರ ಭೂಸುಧಾರಣೆಯಿಂದ ನಮ್ಮ ಕರಾವಳಿಯ ಎಷ್ಟೋ ಗೇಣಿದಾರರು ಆಗತಾನೇ ಉಳುವ ನೆಲದ ಒಡೆಯರಾಗಿದ್ದರು. ಮತದಾರ ತನ್ನ ಅಂಗಳಕ್ಕೆ ಬಂದದ್ದನ್ನು ಅಳೆದೇ ಮತ ಹಾಕುತ್ತಾನೆ.

ಮಾರ್ಚ್ 24ರಂದು ರಾಜಘಾಟದಲ್ಲಿ ಜನತಾ ಪಕ್ಷದ ಸಂಸದರಿಗೆ ಜಯಪ್ರಕಾಶರು ಪ್ರತಿಜ್ಞೆ ಬೋಧಿಸಿದರು. ಪ್ರಧಾನಿ ಯಾರಾಗಬೇಕೆಂಬ ಜಗಳ ಅದಾಗಲೇ ಶುರುವಾಗಿತ್ತು. ಮೊರಾರ್ಜಿ ದೇಸಾಯಿ, ಜಗಜೀವನರಾಮ್, ಚರಣ್ ಸಿಂಗ್ ಮೂವರೂ ಕಣ್ಣಿಟ್ಟಿದ್ದ ಪೀಠಕ್ಕೆ ಮೊರಾರ್ಜಿಯವರನ್ನು ಸೂಚಿಸಿದವರು ಜಯಪ್ರಕಾಶ ಮತ್ತು ಕೃಪಲಾನಿ ಎಂಬ ಇಬ್ಬರು ವೃದ್ಧರು. ಅಭ್ಯರ್ಥಿಯನ್ನು ಜನರೇ ಆರಿಸಬೇಕೆಂದು ಜೀವನವಿಡೀ ವಾದಿಸಿದವರಿಗೆ ಎಂಥ ಪಾತ್ರ ಬಂದಿತೆಂದು ನೋಡಿ! ಗೆಲುವಿನ ನಂತರ ಅವರು ಸೋತ ಇಂದಿರಾರವರ ಮನೆಗೆ ಹೋಗಿ ಮಾತನಾಡಿಸಿ ಬಂದದ್ದನ್ನು ಗೆದ್ದವರಲ್ಲಿ ಎಷ್ಟು ಮಂದಿ ಅರ್ಥಮಾಡಿಕೊಂಡರೋ ತಿಳಿಯದು.

ಆಮೇಲಿನ ಎರಡು ವರ್ಷಗಳು ದೇಶದ ಮತದಾರನ ಪಾಲಿಗೆ ಕಹಿ ಪಾಠ. ಮಂತ್ರಿಗಳ ಒಳಜಗಳ ಬೀದಿಗೆ ಬಂದಿತು. ಶಾಸಕರನ್ನು ಹಿಂದಕ್ಕೆ ಕರೆಸುವ ಹಕ್ಕಿನ ಮಾತು ಎತ್ತುವವರಿಲ್ಲವಾಯಿತು. ಪಾಟ್ನಾದ ಮನೆಯಲ್ಲಿ ವಾರಕ್ಕೆ ಹಲವು ಬಾರಿ ಯಂತ್ರಕ್ಕೆ ಜೋಡಿಸಿಕೊಂಡು ಮಲಗುತ್ತಿದ್ದ ಜಯಪ್ರಕಾಶರು ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನ ಮತದಾರರು ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾರವರನ್ನು ಲೋಕಸಭೆಗೆ ಮರಳಿ ಕಳಿಸಿದರು. 1979ರ ಮಾರ್ಚಿನಲ್ಲಿ ಜಯಪ್ರಕಾಶರು ಆಸ್ಪತ್ರೆಯಲ್ಲಿ ಜೀವಂತವಾಗಿರುವಾಗಲೇ ಅವರು ತೀರಿಕೊಂಡರೆಂದು ಪ್ರಧಾನಿಯವರು ಲೋಕಸಭೆಯಲ್ಲಿ ಪ್ರಕಟಿಸಿ ಶ್ರದ್ಧಾಂಜಲಿಯೂ ಆಯಿತು. ಜುಲೈನಲ್ಲಿ ಮೊರಾರ್ಜಿ ಸರಕಾರ ಬಿದ್ದಿತು. ಅಕ್ಟೋಬರ್ 8ರಂದು, 77 ತುಂಬಲು ಮೂರು ದಿನವಿರುವಾಗ, ಅವರು ಪಾಟ್ನಾದಲ್ಲಿ ಕೊನೆಯುಸಿರೆಳೆದರು. ಮೂರು ತಿಂಗಳ ಮೇಲೆ, 1980ರ ಜನವರಿಯಲ್ಲಿ, ಅದೇ ಮತದಾರರು ಇಂದಿರಾರವರನ್ನು 353 ಸ್ಥಾನಗಳೊಂದಿಗೆ ಮರಳಿ ಕರೆತಂದರು.

ಹಾಗಾದರೆ ಎಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೇ? ಹಲವರು ಹಾಗೆಯೇ ಭಾವಿಸುತ್ತಾರೆ. ಸರಕಾರದ ಲೆಕ್ಕವನ್ನಷ್ಟೇ ನೋಡಿದರೆ ಹೌದು. ಆದರೆ 1978ರ 44ನೆಯ ತಿದ್ದುಪಡಿಯಿಂದಾಗಿ ಆಂತರಿಕ ಕ್ಷೋಭೆಯೆಂಬ ಸಡಿಲ ಕಾರಣದಿಂದ ತುರ್ತುಪರಿಸ್ಥಿತಿ ಸಾರುವುದು ಸಾಧ್ಯವಿಲ್ಲವಾಯಿತು. ಜಯಪ್ರಕಾಶರ ಒತ್ತಾಸೆಯಿಂದ ನ್ಯಾಯಮೂರ್ತಿ ತಾರ್ಕುಂಡೆಯವರ ಸಮಿತಿ 1975ರಲ್ಲಿ ಸೂಚಿಸಿದ್ದ ಹದಿನೆಂಟರ ಮತದಾನದ ವಯಸ್ಸು 1989ರಲ್ಲಿ ಜಾರಿಗೆ ಬಂದಿತು. ಪಿ.ಯು.ಸಿ.ಎಲ್. ಹೂಡಿದ ದಾವೆಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಯಾವ ಅಭ್ಯರ್ಥಿಯೂ ಬೇಡವೆಂದು ಹೇಳುವ ಗುಂಡಿಯನ್ನು ಮತಯಂತ್ರದಲ್ಲಿ ಇರಿಸಲು ಆಜ್ಞಾಪಿಸಿತು. ಆ ಗುಂಡಿ ಒತ್ತಿದವರ ಸಂಖ್ಯೆ ಎಷ್ಟೇ ಇದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆಂಬ ಕೊರತೆ ಅದರಲ್ಲಿದೆ. ಆದರೂ ಮುನಿಸಿಕೊಂಡು ಮನೆಯಲ್ಲಿ ಕೂರುವುದಕ್ಕಿಂತ ಸಾಲಿನಲ್ಲಿ ನಿಂತು ಮುನಿಸನ್ನು ದಾಖಲಿಸುವುದು ಲೇಸು.

ನಮ್ಮ ನಾಡಿಗೆ ಬಂದ ಫಲ ಇನ್ನೊಂದು. ಜನತಾ ಸರಕಾರ 1977ರಲ್ಲಿ ಪಂಚಾಯತಿಗಳ ಬಗ್ಗೆ ನೇಮಿಸಿದ ಸಮಿತಿಯ ಅಧ್ಯಕ್ಷರು ನಾಸಿಕದ ಸೆರೆಮನೆಯ ಆ ಹಳೆಯ ಸಂಗಾತಿ ಅಶೋಕ ಮೆಹತಾ. ಸಮಿತಿಯ ವರದಿ ಬಂದ ಮೇಲೆ ಕೇಂದ್ರ ಸರಕಾರ ಬಹುಕಾಲ ಬಾಳಲಿಲ್ಲ. ಆದರೆ ಕರ್ನಾಟಕದಲ್ಲಿ 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರದಲ್ಲಿ, ಕೊಳವೆಬಾವಿ ತೋಡಿಸಿ ನೀರ್ ಸಾಬ್ ಎಂದು ಹೆಸರಾದ ಅಬ್ದುಲ್ ನಜೀರ್ ಸಾಬರು ಆ ವರದಿಯ ಜಾಡಿನಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆ ತಂದರು. ಸದಸ್ಯತ್ವದಲ್ಲಿ ಮಹಿಳೆಯರಿಗೆ ಶೇಕಡಾ 25 ಮೀಸಲಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಅದುವರೆಗೆ ಮನೆಯಂಗಳ ದಾಟದಿದ್ದ ಸಾವಿರಾರು ಹೆಂಗಸರು ಮಂಡಲ ಪಂಚಾಯತಿಯ ಕುರ್ಚಿಯಲ್ಲಿ ಕುಳಿತು ಶಾಲೆಯ ಮೇಷ್ಟ್ರು ಏಕೆ ಬಂದಿಲ್ಲ, ನಲ್ಲಿಯಲ್ಲಿ ನೀರೇಕಿಲ್ಲ ಎಂದು ಕೇಳತೊಡಗಿದರು. ಗ್ರಾಮಸಭೆಯ ಮುಂದೆ ಲೆಕ್ಕ ಒಪ್ಪಿಸುವ ಪದ್ಧತಿ ಬಂದಿತು. 1992ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಅಂಗೀಕಾರವಾಗುವ ಹೊತ್ತಿಗೆ ನಮ್ಮ ರಾಜ್ಯ ಅದನ್ನು ಒಂದು ಸುತ್ತು ನಡೆಸಿ ನೋಡಿತ್ತು. ಇಂದು ಗ್ರಾಮಸಭೆಯ ಡಂಗುರ ಸಾರಿದರೂ ಹೋಗದೆ ಉಳಿಯುವ ನಮ್ಮವರ ಸಂಖ್ಯೆ ಸಣ್ಣದೇನಲ್ಲ. ಆ ದಿನ ಶಾಲೆಯ ಜಗಲಿಯಲ್ಲಿ ಖಾಲಿ ಬಿದ್ದ ಕುರ್ಚಿಗಳನ್ನು ನೋಡಿ ಗುತ್ತಿಗೆದಾರನೊಬ್ಬನೇ ಸಂತೋಷಪಡುತ್ತಾನೆ.

ಜಯಪ್ರಕಾಶರು 1975ರಲ್ಲಿ ಪಕ್ಷಕ್ಕೆ ಸೇರದ ತರುಣರಿಗಾಗಿ ಛಾತ್ರ ಯುವ ಸಂಘರ್ಷ ವಾಹಿನಿ ಎಂಬ ದಳ ಕಟ್ಟಿದ್ದರು. ಅವರ ಒಡನಾಡಿಗಳಲ್ಲಿ ಅನೇಕರು ಮಂತ್ರಿಗಳಾದರು. ವಾಹಿನಿಯ ಕೆಲವರು ಮಾತ್ರ 1978ರಿಂದ ಬೋಧಗಯೆಯ ಸುತ್ತಲಿನ ಹಳ್ಳಿಗಳಲ್ಲಿ ಉಳಿದು, ಅಲ್ಲಿನ ಮಠದ ವಶದಲ್ಲಿದ್ದ ಸಾವಿರಾರು ಎಕರೆ ಭೂಮಿಗಾಗಿ ಭೂಹೀನ ದಲಿತರ ಜೊತೆ ಹೋರಾಡಿದರು. ಗೂಂಡಾಗಳು ಬಂದರು, ಮೊಕದ್ದಮೆಗಳು ಬಿದ್ದವು, ಕೆಲವರು ಪ್ರಾಣ ತೆತ್ತರು, ಹೋರಾಟಗಾರರು ಕೈಯೆತ್ತಲಿಲ್ಲ. 1980ರ ದಶಕದಲ್ಲಿ ಭೂಮಿ ಹಂಚಿಕೆಯಾದಾಗ, ಉಳುಮೆಯಲ್ಲಿಯೂ ಹೋರಾಟದಲ್ಲಿಯೂ ಮುಂದಿದ್ದ ಹೆಂಗಸರು ಪಟ್ಟೆ ಗಂಡಸರ ಹೆಸರಿಗೆ ಮಾತ್ರ ಬರಕೂಡದೆಂದು ಹಟ ಹಿಡಿದರು. ಅಧಿಕಾರಿಗಳು ಮೊದಲು ಒಪ್ಪಲಿಲ್ಲ. ಕೊನೆಗೆ ಕೆಲವು ಹಳ್ಳಿಗಳಲ್ಲಿ ಪಟ್ಟೆಗಳು ಹೆಂಗಸರ ಹೆಸರಿಗೇ ಆದವು.